ಗೋಮಾಳಕ್ಕೆ ಪಟ್ಟಣದ ಕಸ

ಊರ ಗೋಮಾಳದಲ್ಲಿ ಪಟ್ಟಣದ ಕಸ ಸುರಿಯುತ್ತಾರೆಂಬ ನಿಮ್ಮ ಸಿಟ್ಟು ನ್ಯಾಯವೇ. ಬೆಂಗಳೂರಿನ ಕಸ ಹೊತ್ತು ಮಾವಳ್ಳಿಪುರ, ಮಂಡೂರಿನವರು ಪಟ್ಟ ಪಾಡು ಕಂಡವರು ನಿಮ್ಮನ್ನು ಸ್ವಾರ್ಥಿ ಅನ್ನಲಾರರು. ಮಂಡೂರಿಗೆ ಕಸದ ಲಾರಿ ಬರುವುದು ನಿಂತದ್ದು 2014ರ ಕೊನೆಗೆ, ಅದೂ ಊರವರು ರಸ್ತೆಗಿಳಿದ ಮೇಲೆ. ಆದರೆ ‘ಬೇಡ’ ಅಂದರಷ್ಟೇ ಸಾಲದು ಸ್ವಾಮಿ. ನಿಮ್ಮ ತಾಲ್ಲೂಕಿನ ಕಸವೂ ಎಲ್ಲಾದರೂ ಹೋಗಬೇಕಲ್ಲ.

ಮೊದಲು ಟೇಪು ಹಿಡಿದು ಅಳೆಯಿರಿ. ಕಸ ಹೂಳುವ ಜಾಗ ಹೊಳೆಯಿಂದ 100 ಮೀಟರ್, ಕೆರೆ, ಜನವಸತಿ, ಕುಡಿಯುವ ನೀರಿನ ಬಾವಿಗಳಿಂದ 200 ಮೀಟರ್ ದೂರವಿರಬೇಕೆಂದು 2016ರ ಘನತ್ಯಾಜ್ಯ ನಿಯಮಗಳಲ್ಲಿತ್ತು; ಈಗ ಜಾರಿಯಲ್ಲಿರುವ ನಿಯಮವನ್ನೂ ಕೇಳಿ ತಿಳಿದುಕೊಳ್ಳಿ. ಗೋಮಾಳವನ್ನು ಕಾಗದದಲ್ಲಿ ‘ಬೀಳು’ ಎಂದು ಬರೆದಿದ್ದರೆ, ಅಲ್ಲಿ ದನ ಮೇಯುವ ಫೋಟೊ ತೆಗೆದಿಡಿ. ಪರಿಸರ ಅನುಮತಿಯ ಅಹವಾಲು ಸಭೆಗೆ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ಹಸಿ ಕಸ ಪಟ್ಟಣದಲ್ಲೇ ಗೊಬ್ಬರವಾಗಲಿ, ಬೇರ್ಪಡಿಸದ ಲಾರಿ ವಾಪಸು ಹೋಗಲಿ ಎಂದು ಆ ಸಭೆಯಲ್ಲಿ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ.