ಹೊಂಡ ತೋಡುವ ಮೊದಲು

ಚಳ್ಳಕೆರೆ ಕಡೆ ನಮ್ಮ ಮೂರೆಕರೆ ಶೇಂಗಾ ಹೊಲದ ತಗ್ಗಿನಲ್ಲಿ 21 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳದ ಕೃಷಿ ಹೊಂಡವಿದೆ. 2016ರಲ್ಲಿ ಮಾಡಿಸಿದ್ದು. ಶೇ 80 ಸಬ್ಸಿಡಿ ಎಂದು ನಂಬಿ ಕೈ ಹಾಕಿದೆ. ಲೆಕ್ಕ ಚುಕ್ತಾ ಆದಾಗ ದಕ್ಕಿದ್ದು ಶೇ 32.

2014ರಲ್ಲಿ ಹೊಂಡಕ್ಕೆ ಸಬ್ಸಿಡಿ ಕೊಡುವ ಸರ್ಕಾರದ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ನಮ್ಮಂಥ ಮಳೆ ನಂಬಿದ ಊರುಗಳಲ್ಲಿ ಎಲ್ಲರ ಬಾಯಲ್ಲೂ ಆ ಎಂಬತ್ತೇ. ಪರಿಶಿಷ್ಟರಿಗಾದರೆ ತೊಂಬತ್ತು. 2016ರ ಮೇ ತಿಂಗಳಲ್ಲಿ ಪಕ್ಕದ ಹೊಲಕ್ಕೆ ಹಿಟಾಚಿ ಬಂದಿತ್ತು. "ಗಾಡಿ ಇಲ್ಲೇ ಐತಲ್ಲ, ನಿಂದೂ ತೆಗೆಸಿಬಿಡು, ತರಿಸೋ ಖರ್ಚು ಉಳೀತದೆ" ಎಂದರು ಭಾವ. ಅರ್ಜಿ ಕೊಟ್ಟಾಗಿತ್ತು, ಕಾರ್ಯಾದೇಶ ಬಂದಿರಲಿಲ್ಲ. ಮುಂಗಾರು ಹತ್ತಿರವಿತ್ತು. ಎರಡೇ ದಿನದಲ್ಲಿ ತೋಡಿಸಿಬಿಟ್ಟೆ.

ಅಳತೆಗೆ ಬಂದವರು ತೋಡುವ ಮುಂಚಿನ ಫೋಟೊ ಕೇಳಿದರು. ಇರಲಿಲ್ಲ. ತೋಡಿದ ಖರ್ಚು ಪಟ್ಟಿಯಿಂದಲೇ ಹೊರಗುಳಿಯಿತು.

ಲೆಕ್ಕ ನೋಡಿ. ತೋಡಲು 38,000 ರೂಪಾಯಿ, ತಳಕ್ಕೆ ಹಾಸುವ 500 ಮೈಕ್ರಾನ್ ಹಾಳೆಗೆ 54,000, ತಂತಿಬೇಲಿಗೆ 18,000. ಒಟ್ಟು 1,10,000. ಎಲ್ಲಕ್ಕೂ ಶೇ 80 ಸಿಕ್ಕಿದ್ದರೆ 88,000 ಆಗುತ್ತಿತ್ತು. ತೋಡಿದ್ದನ್ನು ಬಿಟ್ಟು 72,000ಕ್ಕೆ ಬಂದದ್ದು 57,600. ಅಲ್ಲಿಗೇ 30,400 ಹೋಯಿತು. ಮೊದಲು ನಾನೇ ಹಣ ಹಾಕಬೇಕಿದ್ದರಿಂದ ಒಂದು ಲಕ್ಷ ಕೈಸಾಲ ತಂದಿದ್ದೆ, ನೂರಕ್ಕೆ ಎರಡರಂತೆ. ಸಬ್ಸಿಡಿ ಖಾತೆಗೆ ಬೀಳಲು 11 ತಿಂಗಳು ಹಿಡಿಯಿತು. ಬಡ್ಡಿಯೇ 22,000. 57,600ರಲ್ಲಿ ಅದನ್ನು ಕಳೆದರೆ ಉಳಿದದ್ದು 35,600, ಒಟ್ಟು ಖರ್ಚಿನ ಶೇ 32.

ಈ "ನೂರಕ್ಕೆ ಎರಡು" ಎಂಬ ಮಾತು ಕೇಳಿದರೇ ನನಗೀಗ ಸಿಟ್ಟು ಬರುತ್ತದೆ. ವರ್ಷಕ್ಕೆ ಶೇ 24 ಎಂದು ಹೇಳಿದರೆ ಯಾರೂ ಹತ್ತಿರ ಸುಳಿಯುವುದಿಲ್ಲ, ಅದಕ್ಕೇ ತಿಂಗಳ ಲೆಕ್ಕದಲ್ಲಿ ಹೇಳುತ್ತಾರೆ. ಸಹಕಾರ ಸಂಘದಲ್ಲಿ ಶೇ 3ರ ಮಧ್ಯಮಾವಧಿ ಸಾಲವಿತ್ತು. ಅಷ್ಟೇ ಹಣಕ್ಕೆ ಅಷ್ಟೇ ತಿಂಗಳಿಗೆ ಬಡ್ಡಿ 2,750 ಆಗುತ್ತಿತ್ತು. ಕಾಗದಪತ್ರಕ್ಕೆ ನಾಲ್ಕು ಸಲ ತಿರುಗಬೇಕೆಂದು ನಾನು ಅತ್ತ ಹೋಗಲೇ ಇಲ್ಲ.

ತಿರುಗಾಟಕ್ಕೆ ಬೇಸರಪಡುವ ಈ ಚಾಳಿ ನಮ್ಮನ್ನು ಬಹಳ ಕಾಡಿದೆ. ಬಿಲ್ಲು ಅಂಗಿ ಜೇಬಿನಲ್ಲಿ ಒದ್ದೆಯಾಗುತ್ತದೆ, ಪಹಣಿ ತೀರಿಕೊಂಡ ಅಪ್ಪನ ಹೆಸರಲ್ಲೇ ಇರುತ್ತದೆ. ಆ 11 ತಿಂಗಳಲ್ಲಿ ಮೂರು ತಿಂಗಳು ಹೋದದ್ದು ಪಹಣಿಯ ಹೆಸರಿಗೂ ಆಧಾರ್ ಹೆಸರಿಗೂ ತಾಳೆಯಾಗದೆ. ಬಿತ್ತನೆ ಬೀಜವನ್ನು ಎಷ್ಟು ಜೋಪಾನ ಮಾಡುತ್ತೇವೋ ಅಷ್ಟೇ ಜೋಪಾನವಾಗಿ ಈ ಕಾಗದಗಳನ್ನೂ ಒಂದು ಡಬ್ಬಿಯಲ್ಲಿಡಿ. ಅರ್ಜಿ ಕೊಡುವ ಮೊದಲೇ ಖಾತೆ ಸರಿಮಾಡಿಸಿ.

ಹೊಂಡದ ಮೇಲೆ ನನಗೆ ಬೇಸರವಿಲ್ಲ. ಬದಿಗಳು ಇಳಿಜಾರಾಗಿರುವುದರಿಂದ ಒಮ್ಮೆ ತುಂಬಿದರೆ ಸುಮಾರು 9.8 ಲಕ್ಷ ಲೀಟರ್. ಮೂರೆಕರೆಗೂ 4 ಸೆಂಟಿಮೀಟರಿನಂತೆ ಎರಡು ನೀರು, ಆವಿಯಾದದ್ದು ಕಳೆದರೂ ಒಂದಕ್ಕೆ ಮೋಸವಿಲ್ಲ. 2018ರಲ್ಲಿ ಕಾಯಿ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟಾಗ ಆ ಒಂದು ನೀರೇ ಬೆಳೆ ಉಳಿಸಿತು.

ಈ ವರ್ಷ ಭಾವ ತಮ್ಮ ಹೊಲಕ್ಕೆ ಅರ್ಜಿ ಹಾಕಿದ್ದಾರೆ. ಕಳೆದ ಭಾನುವಾರ ಹೋಗಿ, ಅವರನ್ನು ನಾಲ್ಕೂ ಮೂಲೆಯಲ್ಲಿ ನಿಲ್ಲಿಸಿ, ಅಗೆಯದ ನೆಲದ ಫೋಟೊ ತೆಗೆದು ಬಂದೆ.