ಲ್ಯಾಕ್ಟೇಟ್ ಜಾಸ್ತಿ ಅಂದರೆ: ಆವನಿಯ ದೊಡ್ಡಮ್ಮನ ಕಿವಿಮಾತು

ರಿಪೋರ್ಟಿನಲ್ಲಿ ಲ್ಯಾಕ್ಟೇಟ್ ಜಾಸ್ತಿ ಬಂದಿದೆ ಅಂದ ಕೂಡಲೇ ಮನೆಮಂದಿಯೆಲ್ಲ ಮುಖ ಸಪ್ಪೆ ಮಾಡಿಕೊಂಡು ಕೂರುತ್ತೀರಿ. ದಿನಾ ನುಂಗುವ ಮಾತ್ರೆ ಯಾವುದು ಅಂತ ಡಾಕ್ಟರು ಕೇಳಿದರೆ ಒಬ್ಬರಿಗೂ ಗೊತ್ತಿರುವುದಿಲ್ಲ! ಗಾಳಿಯಾಡದ ಒಲೆ ಹೊಗೆ ಕಕ್ಕುವ ಹಾಗೆ, ಮೈಗೆ ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಲ್ಯಾಕ್ಟೇಟ್ ಏರುತ್ತದೆ. ಅದನ್ನು ತೆಗೆದುಹಾಕುವ ಲಿವರು, ಕಿಡ್ನಿ ಸೋತರೂ ಏರುತ್ತದೆ.

• ಅಂಕಿ ನೋಡಿಕೊಳ್ಳಿ. ಲೀಟರಿಗೆ 2 ಮಿಲಿಮೋಲ್ ಒಳಗಿದ್ದರೆ ಸರಿಯಾಗಿದೆ ಅಂತ. 4 ದಾಟಿದ್ದರೆ ‘ನಾಳೆ ಬರ್ತೀವಿ’ ಅಂತ ಊರಿಗೆ ಕರೆದುಕೊಂಡು ಬರಬೇಡಿ.

• ಬಸ್ಸಿಗೆ ಓಡಿ, ಏದುಸಿರು ಬಿಡುತ್ತಲೇ ರಕ್ತ ಕೊಡಬೇಡಿ. ಸ್ವಲ್ಪ ಹೊತ್ತು ಕೂತಿರಿ, ಸೂಜಿ ಚುಚ್ಚುವಾಗ ಮುಷ್ಟಿ ಬಿಗಿಯಬೇಡಿ. ತೆಗೆದ ರಕ್ತ ಬಿಸಿಲಲ್ಲಿ ಹಾಗೇ ಉಳಿದರೆ ಸೀಸೆಯೊಳಗೇ ಅಂಕಿ ಏರುತ್ತದೆ. ಬಸ್ ಚಾರ್ಜಿನ ಆಸೆಗೆ ಇಲ್ಲೇ ರಕ್ತ ತೆಗೆಸಿ ಯಾರದೋ ಬೈಕಿನಲ್ಲಿ ಕಳಿಸಬೇಡಿ, ಮುಳಬಾಗಿಲಿಗೋ ಕೋಲಾರಕ್ಕೋ ಟೆಸ್ಟ್ ಮಾಡುವ ಕಡೆಗೇ ಹೋಗಿ.

• ಬೆಟ್ಟ ಹತ್ತಿ ಸೀತಮ್ಮನ ಗುಡಿಗೆ ಹೋದಾಗಲೂ ಲ್ಯಾಕ್ಟೇಟ್ ಏರುತ್ತದೆ, ಹೆದರಬೇಡಿ. ಕೂತು ಸುಧಾರಿಸಿಕೊಂಡರೆ ಸುಮಾರು ಒಂದು ಗಂಟೆಯಲ್ಲಿ ಇಳಿಯುತ್ತದೆ. ಮಾರನೇ ದಿನದ ತೊಡೆನೋವಿಗೂ ಅದಕ್ಕೂ ಸಂಬಂಧವಿಲ್ಲ. ಕೂತ ಮೇಲೂ ದಮ್ಮು ನಿಲ್ಲದಿದ್ದರೆ ಮಾತ್ರ ಬೆಟ್ಟವನ್ನು ಬಯ್ಯದೆ ಡಾಕ್ಟರಿಗೆ ತೋರಿಸಿ.

• ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ಇದನ್ನು ಎರಡು ಸಲ ಓದಿ. ಮಾತ್ರೆ ಒಳ್ಳೆಯದೇ, ಸುಮ್ಮನೆ ಬಿಡಬೇಡಿ. ಆದರೆ ವಾಂತಿ ಭೇದಿಯಾಗಿ ನೀರೂ ದಕ್ಕದ ದಿನ ಕಿಡ್ನಿ ಸೋಲುತ್ತದೆ, ಮಾತ್ರೆ ಮೈಯಲ್ಲೇ ಉಳಿದು ಲ್ಯಾಕ್ಟೇಟ್ ಏರಿಸುತ್ತದೆ. ಅಂಥ ದಿನ ಮಾತ್ರೆ ತಡೆಯಬೇಕೋ ಅಂತ ಡಾಕ್ಟರಿಗೆ ಫೋನ್ ಮಾಡಿ ಕೇಳಿ. ಕಿಡ್ನಿ ಹೇಗಿದೆ ಅಂತ ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್ ಟೆಸ್ಟ್ ಮಾಡಿಸಿ. ಕಿಡ್ನಿಯ ಇಜಿಎಫ್‌ಆರ್ ಅಂಕಿ 30ಕ್ಕಿಂತ ಇಳಿದರೆ ಈ ಮಾತ್ರೆ ಕೊಡುವುದಿಲ್ಲ. ಔಷಧಿ ಚುಚ್ಚಿ ಸ್ಕ್ಯಾನಿಂಗ್ ಮಾಡುತ್ತಾರೆ ಅಂದರೆ ಮೊದಲೇ ಮೆಟ್‌ಫಾರ್ಮಿನ್ ವಿಷಯ ಹೇಳಿ. ಪಕ್ಕದ ಮನೆಯವರ ಮಾತ್ರೆ ಕಡ ತರುವ ಚಾಳಿ ಬಿಡಿ, ಉಳಿಯುವ ದುಡ್ಡು ಎಷ್ಟು ಮಹಾ?

• ಊಟ ಬಿಟ್ಟು ಕುಡಿಯುವವರಿಗೆ ಬಿ1 ಜೀವಸತ್ವ ಖಾಲಿಯಾಗಿ ಲ್ಯಾಕ್ಟೇಟ್ ಏರುತ್ತದೆ. ಕುಡಿತ ಬಿಡಿಸಿ ಅಂದರೆ ನೀವು ನಗುತ್ತೀರಿ. ಮುದ್ದೆ, ಅವರೆಕಾಳಿನ ಸಾರನ್ನಾದರೂ ಎದುರಿಗೆ ಕೂತು ತಿನ್ನಿಸಿ. ಆಸ್ಪತ್ರೆಗೆ ಸೇರಿಸಿದರೆ ಕುಡಿತದ ವಿಷಯ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿ, ಬಿ1 ಸೂಜಿ ಬೇಕಾಗಬಹುದು.

• ಉಬ್ಬಸಕ್ಕೆ ಮಾಸ್ಕ್ ಹಾಕಿ ಸಾಲ್ಬುಟಮಾಲ್ ಕೊಟ್ಟಿದ್ದರೆ ಎಷ್ಟು ಸಲ ಅಂತ ಬರೆದಿಡಿ. ಅದು ಜಾಸ್ತಿಯಾದರೂ ಲ್ಯಾಕ್ಟೇಟ್ ಏರುತ್ತದೆ.

• ಮಜ್ಜಿಗೆ ಮೊಸರು ಬಿಡಬೇಡಿ, ಅದರಿಂದ ಏರುವುದಿಲ್ಲ. ಆಮ್ಲ ಕಡಿಮೆಯಾಗಲಿ ಅಂತ ಅಡುಗೆ ಸೋಡಾ ಕಲಕಿ ಕುಡಿಸಲೂ ಬೇಡಿ. ಕಾರಣ ಬೇರೆಲ್ಲೋ ಇರುತ್ತದೆ, ಸೋಡಾ ಕುಡಿಸುತ್ತಾ ಕೂತರೆ ಹೊತ್ತು ಹಾಳು.

• ಕಾಳಿನ ಚೀಲಕ್ಕೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮಲಗುವ ಮನೆಯಲ್ಲಿ ಇಡಲೇಬೇಡಿ. ಅದರ ಗಾಳಿ ಒಳಹೋದರೆ ಮೈ ಆಮ್ಲಜನಕ ಬಳಸಲಾರದೆ ಲ್ಯಾಕ್ಟೇಟ್ ವಿಪರೀತ ಏರುತ್ತದೆ, ಅದಕ್ಕೆ ಪ್ರತ್ಯೌಷಧ ಇಲ್ಲ. ರಾಗಿಗಂತೂ ಆ ಗುಳಿಗೆ ಯಾಕೆ, ಚೆನ್ನಾಗಿ ಒಣಗಿಸಿಟ್ಟರೆ ವರ್ಷಗಟ್ಟಲೆ ಕೆಡದ ಕಾಳು ಅದು.

• ಜ್ವರದ ಜೊತೆ ಕೈಕಾಲು ತಣ್ಣಗಾದರೆ, ಉಸಿರು ಜೋರಾದರೆ, ಉಚ್ಚೆ ಕಡಿಮೆಯಾದರೆ, ಮಾತು ತಡವರಿಸಿದರೆ ಕಷಾಯ ಕಾಯಿಸುತ್ತಾ ಕೂರಬೇಡಿ. ನಂಜು ರಕ್ತಕ್ಕೆ ಏರಿದಾಗ ಹೀಗಾಗುತ್ತದೆ, ಲ್ಯಾಕ್ಟೇಟೂ ಏರುತ್ತದೆ. 108ಕ್ಕೆ ಫೋನ್ ಮಾಡಿ. ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಸುರಿದು ಜೊತೆಗೇ ಒಯ್ಯಿರಿ.

• ಕೆಲವು ಗಂಟೆ ಬಿಟ್ಟು ಮತ್ತೆ ರಕ್ತ ತೆಗೆದರೆ ದುಡ್ಡು ಕೀಳುತ್ತಾರೆ ಅಂತ ಜಗಳ ತೆಗೆಯಬೇಡಿ. ಅಂಕಿ ಇಳಿಯುತ್ತಿದೆಯೋ ಇಲ್ಲವೋ ಅಂತ ಗೊತ್ತಾಗುವುದೇ ಎರಡನೇ ಟೆಸ್ಟಿನಿಂದ.

• ಹಸುವಿಗೂ ಲ್ಯಾಕ್ಟೇಟ್ ಏರುತ್ತದೆ ಕಣ್ರೀ. ಮದುವೆಮನೆಯಲ್ಲಿ ಮಿಕ್ಕ ಅನ್ನ ದಂಡವಾಗುತ್ತದೆ ಅಂತ ಬಕೆಟ್ಟುಗಟ್ಟಲೆ ಸುರಿಯುತ್ತೀರಿ. ಹೊಟ್ಟೆಯಲ್ಲಿ ಅದು ಹುಳಿಯೆದ್ದು ಹಸು ಮೆಲುಕು ನಿಲ್ಲಿಸುತ್ತದೆ, ಬಿದ್ದರೆ ಏಳುವುದಿಲ್ಲ. ಹಾಗೇನಾದರೂ ಕಂಡರೆ ಸಂಜೆ ಡೈರಿಗೆ ಹಾಲು ಹಾಕಿ ಬಂದು ನೋಡೋಣ ಅನ್ನದೆ ಆಗಲೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.