ಬೆಳ್ಳಿ ರೂಪಾಯಿಗೆ ಬೆಲೆ ಕಟ್ಟುವ ಬಗೆ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಹಳೆಯ ಮನೆಗಳ ದೇವರ ಜಗುಲಿಯ ಮೇಲೆ ವಿಕ್ಟೋರಿಯಾ ರಾಣಿಯ ಇಲ್ಲವೆ ಐದನೆಯ ಜಾರ್ಜನ ಮುಖಮುದ್ರೆಯುಳ್ಳ ಬೆಳ್ಳಿ ರೂಪಾಯಿ ಇರುವುದುಂಟು. ಅಡಚಣೆಯ ದಿನ ಬಂದಾಗ ಅದು ಸರಾಫನ ಅಂಗಡಿಗೆ ಹೋಗುತ್ತದೆ. ತೂಕದ ಲೆಕ್ಕದಲ್ಲಿ ಮಾರಾಟವಾಗಿ ಮೂಸೆಯಲ್ಲಿ ಕರಗುತ್ತದೆ. ಕರಗಿದ ನಾಣ್ಯವನ್ನು ಮರಳಿ ಓದಲಾಗದು. ಆದುದರಿಂದ ಮಾರುವ ಮೊದಲು ಓದಬೇಕು.

ಹಳೆಯ ನಾಣ್ಯಕ್ಕೆ ಮೂರು ಬಗೆಯ ಬೆಲೆಗಳಿವೆ: ಅಚ್ಚಾದ ಮುಖಬೆಲೆ, ಒಳಗಿನ ಲೋಹದ ಬೆಲೆ, ಸಂಗ್ರಾಹಕರು ಕೊಡುವ ಬೆಲೆ. ಮೊದಲನೆಯದು ಚಲಾವಣೆಯೊಂದಿಗೆ ಮುಗಿಯಿತು. ಉಳಿದೆರಡನ್ನು ಬೇರೆ ಬೇರೆಯಾಗಿ ಪರಿಶೀಲಿಸಬೇಕು.

ಲೋಹದ ಬೆಲೆ: 1835ರ ಕಾಯಿದೆಯು ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಪ್ರದೇಶಕ್ಕೆಲ್ಲ ಏಕರೂಪದ ರೂಪಾಯಿಯನ್ನು ಗೊತ್ತುಪಡಿಸಿತು. ಅದರ ತೂಕ 180 ಗ್ರೇನ್, ಎಂದರೆ 11.66 ಗ್ರಾಂ. ನಮ್ಮ ‘ತೊಲ’ದ ತೂಕವೂ ಇದೇ, ರೂಪಾಯಿಯೇ ತೂಕದ ಕಲ್ಲೂ ಆಗಿತ್ತು. ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ ಇರುವುದರಿಂದ ಅದರಲ್ಲಿನ ಶುದ್ಧ ಬೆಳ್ಳಿ ಸುಮಾರು 10.69 ಗ್ರಾಂ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಲ್ಲಿ, ಈ ಪ್ರಮಾಣ ಅರ್ಧಕ್ಕೆ ಇಳಿಯಿತು. ತೂಕ ಮಾತ್ರ ಅಷ್ಟೇ ಉಳಿಯಿತು. ಅಂಥ ನಾಣ್ಯದಲ್ಲಿರುವ ಶುದ್ಧ ಬೆಳ್ಳಿ 5.83 ಗ್ರಾಂ ಮಾತ್ರ. 1947ರ ರೂಪಾಯಿಯಂತೂ ನಿಕ್ಕಲ್ಲಿನದು. ಅದರಲ್ಲಿ ಬೆಳ್ಳಿಯೇ ಇಲ್ಲ. ಆದುದರಿಂದ ಇಸವಿ ನೋಡದೆ ತೂಗಿದರೆ ಕೊಳ್ಳುವವನಿಗೋ ಮಾರುವವನಿಗೋ ನಷ್ಟ ತಪ್ಪದು. ಸವೆದ ನಾಣ್ಯದ ತೂಕ ಕಡಿಮೆಯಾಗಿರುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸಂಗ್ರಾಹಕರ ಬೆಲೆ: ಹಳೆಯದಾದಷ್ಟೂ ಬೆಲೆ ಹೆಚ್ಚೆಂಬುದು ಸಾಮಾನ್ಯ ನಂಬಿಕೆ. ಅದು ನಿಜವಲ್ಲ. 1862ರ ಇಸವಿಯುಳ್ಳ ರೂಪಾಯಿಗಳು ಹೇರಳವಾಗಿ ಸಿಗುತ್ತವೆ. ಅದೇ ಇಸವಿಯನ್ನು ಹೊತ್ತ ನಾಣ್ಯಗಳನ್ನು 1874ರವರೆಗೂ ಅಚ್ಚು ಹಾಕಲಾಯಿತು. ಹಸ್ತಪ್ರತಿಯಲ್ಲಿ ಕೃತಿಯ ಕಾಲವೂ ಪ್ರತಿಯ ಕಾಲವೂ ಬೇರೆಯಾಗಿರುವಂತೆ, ಇಲ್ಲಿಯೂ ಬರೆದ ಇಸವಿ ಬೇರೆ, ಅಚ್ಚಾದ ವರ್ಷ ಬೇರೆ. ಇದಕ್ಕೆ ಪ್ರತಿಯಾಗಿ, ಬಹಳ ಈಚಿನದಾದ 1939ರ ಬೆಳ್ಳಿ ರೂಪಾಯಿ ತೀರ ಅಪರೂಪ. ಆ ಕಾರಣದಿಂದಲೇ ಅದರ ನಕಲುಗಳೂ ಹೆಚ್ಚು. ಬೆಲೆಯನ್ನು ನಿರ್ಣಯಿಸುವುದು ವಯಸ್ಸಲ್ಲ, ವಿರಳತೆ ಮತ್ತು ಸ್ಥಿತಿ.

ಟಂಕಸಾಲೆಯ ಗುರುತನ್ನೂ ನೋಡಬೇಕು. ಐದನೆಯ ಜಾರ್ಜನ ರೂಪಾಯಿಯ ಹಿಂಬದಿಯ ಕೆಳತುದಿಯಲ್ಲಿ ಸಣ್ಣ ಚುಕ್ಕೆಯಿದ್ದರೆ ಅದು ಮುಂಬಯಿಯದು, ಇಲ್ಲದಿದ್ದರೆ ಕಲ್ಕತ್ತೆಯದು. 1911ರ ರೂಪಾಯಿಯಲ್ಲಿ ದೊರೆಯ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಾಣುತ್ತದೆಂದು ಆಕ್ಷೇಪ ಎದ್ದಿತು. ಮರುವರ್ಷ ಆ ಚಿತ್ರವನ್ನು ತಿದ್ದಲಾಯಿತು. ಇಂಥ ಸಣ್ಣ ಪಾಠಾಂತರಗಳೇ ಬೆಲೆಯನ್ನು ಬದಲಿಸುತ್ತವೆ.

ಸ್ಥಿತಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದ ನಾಣ್ಯ ಹೊಳೆದರೂ ಅದರ ಮೇಲ್ಮೈ ಕೆಡುತ್ತದೆ. ಸರಕ್ಕೆಂದು ಕೊಂಡಿ ಬೆಸೆದ ನಾಣ್ಯಕ್ಕೂ ಸಂಗ್ರಾಹಕರಲ್ಲಿ ಬೆಲೆ ಕಡಿಮೆ. ಅಯಸ್ಕಾಂತಕ್ಕೆ ಅಂಟದಿರುವುದೊಂದೇ ಬೆಳ್ಳಿಯ ಸಾಕ್ಷಿಯಲ್ಲ. ತಾಮ್ರ, ಹಿತ್ತಾಳೆಗಳೂ ಅಂಟುವುದಿಲ್ಲ.

ಕಾನೂನಿನ ಅರಿವೂ ಅಗತ್ಯ. ನೂರು ವರ್ಷ ತುಂಬಿದ ನಾಣ್ಯವು 1972ರ ಕಾಯಿದೆಯಂತೆ ಪುರಾವಸ್ತು. ಅದನ್ನು ಖಾಸಗಿಯಾಗಿ ವಿದೇಶಕ್ಕೆ ಕಳಿಸುವಂತಿಲ್ಲ. ನೆಲದಲ್ಲಿ ಹೂತ ನಿಧಿ ದೊರೆತು ಅದರ ಬೆಲೆ ಹತ್ತು ರೂಪಾಯಿ ಮೀರಿದರೆ, 1878ರ ನಿಧಿ ಕಾಯಿದೆಯ ಪ್ರಕಾರ ಜಿಲ್ಲಾಧಿಕಾರಿಗೆ ಲಿಖಿತವಾಗಿ ತಿಳಿಸಬೇಕು.

‘ಹದಿನಾರಾಣೆ ಸತ್ಯ’ ಎಂಬ ನುಡಿಗಟ್ಟು ಇಂದಿಗೂ ಕನ್ನಡದಲ್ಲಿ ಬದುಕಿದೆ. ಅದಕ್ಕೆ ಆಧಾರವಾದ ರೂಪಾಯಿ ಮೂಸೆ ಸೇರುತ್ತಿದೆ. ಮಾರಲೇಬೇಕಾದ ಮನೆಯವರಿಗೂ ಸರಿಯಾದ ಬೆಲೆ ಸಿಗಲಿ. ಅದಕ್ಕೂ ಮೊದಲು ನಾಣ್ಯದ ಎರಡೂ ಬದಿಯ ಬರಹ ದಾಖಲಾಗಲಿ.

ಅಭ್ಯಾಸ: ಮನೆಯಲ್ಲಿರುವ ಒಂದು ಹಳೆಯ ನಾಣ್ಯದ ಇಸವಿ, ತೂಕ, ಲೋಹ, ಟಂಕಸಾಲೆಯ ಗುರುತು ಹಾಗೂ ಸ್ಥಿತಿಯನ್ನು ಬರೆಯಿರಿ. ಅದನ್ನು ಕುರಿತು ಹಿರಿಯರು ಬಳಸುವ ಕನ್ನಡ ಮತ್ತು ಮರಾಠಿ ಪದಗಳನ್ನು ಪಟ್ಟಿ ಮಾಡಿರಿ.